ಸಲಹೆ ಕೊಟ್ಟವನ ಪಾಲು



ಒಂದು ಪ್ರಶ್ನೆಗೆ ಉತ್ತರ ಕೊಡುವೆನೆಂದು ಮಾತು ಕೊಟ್ಟು ಬಹಳ ದಿನ ಸುಮ್ಮನಿದ್ದೆ. ಇಂದು ಆ ಸಾಲವನ್ನು ನಿಮ್ಮೆದುರಿಗೆ ತೀರಿಸುತ್ತಿದ್ದೇನೆ. ಪ್ರಶ್ನೆ ಕೇಳಿದವನು ಒಬ್ಬ ಹುಡುಗ. ನಾಳೆ ಅದೇ ಪ್ರಶ್ನೆ ನಿಮ್ಮ ಮನೆಯ ಹುಡುಗನದೂ ಆಗಬಹುದು. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ವಿನಂತಿ.

2025ರ ಫೆಬ್ರವರಿಯ ಒಂದು ಸಂಜೆ. ಅಸರ್ ನಮಾಝ್ ಮುಗಿಸಿ ಕಾರವಾರದ ಮಸೀದಿಯೊಂದರ ಮೆಟ್ಟಿಲು ಇಳಿಯುತ್ತಿದ್ದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂಕೋಲೆಯಿಂದ ಬೈಕಿನಲ್ಲಿ ಬಂದು ನನಗಾಗಿ ಕಾಯುತ್ತಿದ್ದ. ಎತ್ತರದ ಹುಡುಗ. ಶಾಲೆಯಲ್ಲಿದ್ದಾಗ ಬಾಸ್ಕೆಟ್‌ಬಾಲ್ ಆಡುತ್ತಿದ್ದ, ಲೆಕ್ಕದಲ್ಲಿ ಚುರುಕಾಗಿದ್ದ. ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದ ದಿನಗಳವು. ಇಬ್ಬರೂ ಟಾಗೋರ್ ಕಡಲತೀರದ ಕಡೆಗೆ ನಡೆದೆವು. ಸ್ವಲ್ಪ ದೂರ ಮೌನವಾಗಿ ಬಂದವನು ಮೆಲ್ಲಗೆ ಬಾಯಿಬಿಟ್ಟ.

"ಸರ್, ಒಂದು ಮಸ್‌ಅಲಾ ಕೇಳಬೇಕಿತ್ತು. ನಾನು ಜೂಜಾಡುವುದಿಲ್ಲ. ಇಂದಿನವರೆಗೆ ಒಂದು ಪೈಸೆಯನ್ನೂ ಪಣವಿಟ್ಟವನಲ್ಲ. ಈ ವಾರ ಯಾವ ಆಟಗಾರನನ್ನು ತೆಗೆದುಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ವಾರಕ್ಕೊಮ್ಮೆ ಗೆಳೆಯರಿಗೆ ಬರೆದು ಕಳಿಸುತ್ತೇನೆ, ಅಷ್ಟೇ. ಬರೀ ಹೇಳುವುದರಲ್ಲಿ ಏನು ಗುನಾಹ್?"

"ಏನೂ ಇಲ್ಲವೆಂದು ನಿನ್ನ ಮನಸ್ಸಿಗೆ ಅನಿಸಿದ್ದರೆ ಇಷ್ಟು ದೂರ ಬೈಕ್ ಓಡಿಸಿಕೊಂಡು ಬರುತ್ತಿರಲಿಲ್ಲ ಬೇಟಾ" ಎಂದೆ.

ಅವನು ತಲೆ ತಗ್ಗಿಸಿದ. ನಂತರ ಎಲ್ಲವನ್ನೂ ಹೇಳಿದ. ಅವನ ಪಟ್ಟಿ ಓದುವವರಲ್ಲಿ ಅಂಕೋಲೆಯ ಒಬ್ಬ ಯುವಕನಿದ್ದ. ಬಾಡಿಗೆ ಟೆಂಪೋ ಓಡಿಸಿ ತಾಯಿ ಮತ್ತು ತಂಗಿಯನ್ನು ಸಾಕುವವನು. ಅವನು ಆ ಪಟ್ಟಿಯನ್ನು ಹಾಗೆಯೇ ಎತ್ತಿ ಹಣ ಕಟ್ಟುವ ಆ್ಯಪ್ ಒಂದರಲ್ಲಿ ಹಾಕುತ್ತಿದ್ದ. ಮೊದಲೆರಡು ವಾರ ಸ್ವಲ್ಪ ಗೆದ್ದ. ಮೂರನೆಯ ವಾರ ಗಾಡಿಯ ಸಾಲದ ಕಂತನ್ನೇ ಕಟ್ಟಿದ. ಸೋತದ್ದನ್ನು ಮರಳಿ ಪಡೆಯಲು ತಾಯಿಯ ಬಳೆಗಳನ್ನು ಅಡವಿಟ್ಟ. ಅದೂ ಹೋಯಿತು. ಇದಾವುದೂ ನನ್ನ ವಿದ್ಯಾರ್ಥಿಗೆ ತಿಳಿದಿರಲಿಲ್ಲ. ಒಂದು ಮದುವೆಯಲ್ಲಿ ಆ ತಾಯಿ ಬರಿಗೈಯಲ್ಲಿ ಕುಳಿತಿದ್ದಳು. ಇವನನ್ನು ಕಂಡು ಸಲಾಮ್ ಹೇಳಿ, "ನೀನು ಬಹಳ ಜಾಣನಂತಲ್ಲಪ್ಪ, ನಮ್ಮ ಹುಡುಗ ಯಾವಾಗಲೂ ನಿನ್ನ ಹೆಸರನ್ನೇ ಹೇಳುತ್ತಾನೆ" ಎಂದಳಂತೆ. ಬಳೆ ಎಲ್ಲಿಗೆ ಹೋಯಿತೆಂದು ಆಕೆಗೆ ಗೊತ್ತಿರಲಿಲ್ಲ. ಇವನಿಗೆ ಗೊತ್ತಾದದ್ದು ಅಂದೇ ರಾತ್ರಿ.

ಆ ಸಂಜೆ ನಾನು ಅವನಿಗೆ ಪೂರ್ಣ ಉತ್ತರ ಕೊಡಲಿಲ್ಲ. ಜೂಜು ಹರಾಮ್ ಎಂದು ಹೇಳುವುದು ಸುಲಭ, ಅದು ಅವನಿಗೂ ಗೊತ್ತಿತ್ತು. ಅವನು ಕೇಳಿದ್ದು ಅದನ್ನಲ್ಲ. ತಾನು ಆಡದೆ, ಗಳಿಸದೆ, ಬರೀ ತಿಳಿದದ್ದನ್ನು ಹೇಳಿದವನ ಪಾಲು ಎಷ್ಟು? ಇದು ಅವನ ಪ್ರಶ್ನೆಯಾಗಿತ್ತು.

ಆಟ ಯಾವುದು?

ಹಿರಿಯ ಓದುಗರಿಗಾಗಿ ಮೊದಲು ಆಟವನ್ನು ವಿವರಿಸುವುದು ಒಳ್ಳೆಯದು. ಇದರ ಹೆಸರು ಫ್ಯಾಂಟಸಿ ಕ್ರೀಡೆ. ಆಡುವವನು ಮೈದಾನಕ್ಕೆ ಇಳಿಯುವುದಿಲ್ಲ. ನಿಜವಾದ ಆಟಗಾರರ ಹೆಸರುಗಳಿಂದ ಕಾಗದದ ಮೇಲೆ ತನ್ನದೊಂದು ತಂಡ ಕಟ್ಟುತ್ತಾನೆ. ಆ ಆಟಗಾರರು ನಿಜವಾದ ಪಂದ್ಯದಲ್ಲಿ ಮಾಡಿದ್ದಕ್ಕೆಲ್ಲ ಇವನ ತಂಡಕ್ಕೆ ಅಂಕ ಸಿಗುತ್ತದೆ. ಅಮೆರಿಕದಲ್ಲಿ 1962ರಲ್ಲಿ ಅಲ್ಲಿನ ಫುಟ್‌ಬಾಲ್ ಆಟಕ್ಕಾಗಿ ಕೆಲವು ಗೆಳೆಯರು ಇಂಥದೊಂದು ಆಟ ಹೂಡಿದ್ದರು. 1980ರಲ್ಲಿ ಡೇನಿಯಲ್ ಓಕ್ರೆಂಟ್ ಎಂಬ ಬರಹಗಾರರು ನ್ಯೂಯಾರ್ಕಿನ ಗೆಳೆಯರೊಂದಿಗೆ ಬೇಸ್‌ಬಾಲ್‌ಗಾಗಿ ರೂಪಿಸಿದ ಆಟದಿಂದ ಅದು ಎಲ್ಲೆಡೆ ಹರಡಿತು.

ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್‌ನಲ್ಲಿ 30 ತಂಡಗಳಿವೆ. ಪ್ರತಿಯೊಂದು ತಂಡ ಋತುವಿನಲ್ಲಿ 82 ಪಂದ್ಯಗಳನ್ನಾಡುತ್ತದೆ. ಒಂದು ವಾರದಲ್ಲಿ ಒಂದು ತಂಡಕ್ಕೆ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಪಂದ್ಯಗಳಿರುತ್ತವೆ. ಚೆಂಡು ಬುಟ್ಟಿಗೆ ಹಾಕಿದರೆ ಅಂಕ, ತಪ್ಪಿದ ಚೆಂಡನ್ನು ಹಿಡಿದರೆ ಅಂಕ, ಜೊತೆಗಾರನಿಗೆ ಒದಗಿಸಿದರೆ ಅಂಕ, ಎದುರಾಳಿಯಿಂದ ಕಸಿದರೆ ಅಂಕ. ಯಾರ ತಂಡದಲ್ಲೂ ಇಲ್ಲದ ಆಟಗಾರರನ್ನು ವಾರದ ನಡುವೆಯೂ ಎತ್ತಿಕೊಳ್ಳಬಹುದು, ಇರುವವರನ್ನು ಬಿಡಬಹುದು. ಸಲಹೆಗಾರನ ಕೆಲಸ ಇಲ್ಲಿಂದ ಪ್ರಾರಂಭವಾಗುತ್ತದೆ. ಈ ವಾರ ಯಾವ ತಂಡಕ್ಕೆ ಮೂರರ ಬದಲು ನಾಲ್ಕು ಪಂದ್ಯಗಳಿವೆ? ಯಾವ ಹೆಸರಾಂತ ಆಟಗಾರನ ಕಾಲು ಉಳುಕಿದೆ? ಅವನ ಜಾಗದಲ್ಲಿ ಬೆಂಚಿನಿಂದ ಎದ್ದು ಬರುವವನು ಯಾರು, ಅವನಿಗೆ ಎಷ್ಟು ನಿಮಿಷ ಆಟ ಸಿಗಬಹುದು? ಒಂದರ ಹಿಂದೊಂದು ರಾತ್ರಿ ಪಂದ್ಯವಿದ್ದರೆ ಹಿರಿಯ ಆಟಗಾರನಿಗೆ ವಿಶ್ರಾಂತಿ ಕೊಡುವರೇ? ಇವೆಲ್ಲವನ್ನೂ ಅಳೆದು ತೂಗಿ ಪಟ್ಟಿ ಬರೆಯಬೇಕು. ಅಮೆರಿಕದ ರಾತ್ರಿಯ ಪಂದ್ಯ ನಮ್ಮಲ್ಲಿ ಬೆಳಗಿನ ಜಾವಕ್ಕೆ ಬರುತ್ತದೆ. ನನ್ನ ವಿದ್ಯಾರ್ಥಿ ಫಜರ್ ಅದಾನಿಗೆ ಮೊದಲೇ ಏಳುತ್ತಿದ್ದ. ಆದರೆ ಎದ್ದದ್ದು ಯಾವುದಕ್ಕೆ ಎಂಬುದನ್ನು ಅವನೇ ನಾಚಿಕೆಯಿಂದ ಹೇಳಿಕೊಂಡ.

ನಮ್ಮ ದೇಶದಲ್ಲಿ ಈ ಆಟ ಹರಡಿದ್ದು ಕ್ರಿಕೆಟ್ಟಿನ ಮೂಲಕ. 2008ರಲ್ಲಿ ಆರಂಭವಾದ ಡ್ರೀಮ್ ಇಲೆವೆನ್ 2020ರಲ್ಲಿ ಐಪಿಎಲ್ ಪಂದ್ಯಾವಳಿಯ ಮುಖ್ಯ ಪ್ರಾಯೋಜಕನಾಯಿತು, 2023ರಲ್ಲಿ ಭಾರತ ತಂಡದ ಅಂಗಿಯ ಮೇಲೆಯೇ ಅದರ ಹೆಸರು ಬಂತು. ಎರಡೂ ತಂಡಗಳಿಂದ ಒಟ್ಟು ಹನ್ನೊಂದು ಮಂದಿಯನ್ನು ಆರಿಸಬೇಕು. ನಾಯಕನೆಂದು ಆರಿಸಿದವನ ಅಂಕ ಎರಡು ಪಟ್ಟು, ಉಪನಾಯಕನ ಅಂಕ ಒಂದೂವರೆ ಪಟ್ಟು. ಪ್ರವೇಶ ಶುಲ್ಕ ಕಟ್ಟಿ ಆಡುವ ಸ್ಪರ್ಧೆಗಳಲ್ಲಿ, ಆಡಿಸುವ ಸಂಸ್ಥೆ ತನ್ನ ಪಾಲನ್ನು ಮೊದಲೇ ತೆಗೆದಿಟ್ಟು ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಿತ್ತು.

ಕಾನೂನು ಏನೆಂದಿತು?

ನಮ್ಮ ನ್ಯಾಯಾಲಯಗಳು ಬಹುಕಾಲದಿಂದ ಒಂದು ಗೆರೆ ಎಳೆದಿವೆ. ಗೆಲುವು ಹೆಚ್ಚಾಗಿ ಅದೃಷ್ಟವನ್ನು ಅವಲಂಬಿಸಿದ್ದರೆ ಅದು ಜೂಜು, ಹೆಚ್ಚಾಗಿ ಕೌಶಲವನ್ನು ಅವಲಂಬಿಸಿದ್ದರೆ ಜೂಜಲ್ಲ. ಈ ಗೆರೆಯ ಮೇಲೆಯೇ ಸುಪ್ರೀಂ ಕೋರ್ಟು 1967ರಲ್ಲಿ ರಮ್ಮಿಯನ್ನೂ 1996ರಲ್ಲಿ ಕುದುರೆ ಪಂದ್ಯವನ್ನೂ ಕೌಶಲದ ಆಟಗಳೆಂದಿತು. 2017ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಫ್ಯಾಂಟಸಿ ಕ್ರೀಡೆಯನ್ನೂ ಅದೇ ಸಾಲಿಗೆ ಸೇರಿಸಿತು. ಕರ್ನಾಟಕ ಸರಕಾರವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣವಿಟ್ಟು ಆಡುವ ಇಂಥ ಆಟಗಳನ್ನು ತಡೆಯಲು ಯತ್ನಿಸಿತು. 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಹೊಸ ಕಾನೂನನ್ನೇ ಮಾಡಿತು. ಕೌಶಲವೋ ಅದೃಷ್ಟವೋ ಎಂದು ನೋಡದೆ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನೆಲ್ಲ ಅದು ನಿಷೇಧಿಸಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜಾಹೀರಾತು ಮಾಡುವವರಿಗೆ ಎರಡು ವರ್ಷದವರೆಗೆ ಜೈಲು ಅಥವಾ 50 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆಡಿ ಸೋತವನನ್ನು ಮಾತ್ರ ಅದು ಅಪರಾಧಿಯೆಂದು ಎಣಿಸಲಿಲ್ಲ. ದೊಡ್ಡ ಆ್ಯಪ್‌ಗಳು ಹಣದ ಸ್ಪರ್ಧೆಗಳನ್ನು ನಿಲ್ಲಿಸಿದವು.

"ಹಾಗಾದರೆ ಪ್ರಶ್ನೆ ಮುಗಿಯಿತಲ್ಲ" ಎಂದು ನೀವು ಕೇಳಬಹುದು. ಇಲ್ಲ. ಕಾನೂನು ಬಾಗಿಲು ಮುಚ್ಚಿದರೂ ಆಸೆ ಕಿಟಕಿ ಹುಡುಕುತ್ತದೆ. ಕೈಯಿಂದ ಕೈಗೆ ಪಣ ಕಟ್ಟುವವರಿದ್ದಾರೆ, ಪರದೇಶದಿಂದ ನಡೆಸುವ ಆ್ಯಪ್‌ಗಳಿವೆ. ಇದಲ್ಲದೆ, ಸತ್ಯವಿಶ್ವಾಸಿಯ ಹಲಾಲ್ ಮತ್ತು ಹರಾಮ್ ಸರಕಾರದ ಗೆಜೆಟ್ ನೋಡಿ ಬದಲಾಗುವುದಿಲ್ಲ. ಕರ್ನಾಟಕದಲ್ಲಿ 2007ರವರೆಗೆ ಲಾಟರಿ ಕಾನೂನುಬದ್ಧವಾಗಿತ್ತು, ಸರಕಾರವೇ ಟಿಕೆಟ್ ಮಾರಿಸುತ್ತಿತ್ತು. ಆ ವರ್ಷ ಅದು ನಿಂತಿತು. 2006ರಲ್ಲಿ ಟಿಕೆಟ್ ಕೊಂಡ ಮುಸ್ಲಿಮನಿಗೆ ಅದು ಹಲಾಲ್ ಆಗಿತ್ತೇ? ಇಲ್ಲವೆಂದು ನಮ್ಮಲ್ಲಿ ಪ್ರತಿಯೊಬ್ಬರೂ ಹೇಳುತ್ತಾರೆ. ಹಾಗಿರುವಾಗ ನಮಗೆ ನಮ್ಮದೇ ಆದ ಅಳತೆಗೋಲು ಬೇಕು.

ಬಾಣಗಳು ಹೇಳುವ ಪಾಠ

ಪವಿತ್ರ ಕುರ್‌ಆನ್ ಜೂಜಿಗೆ ಬಳಸಿದ ಪದ 'ಮೈಸಿರ್'. ಇಸ್ಲಾಮಿಗೆ ಮುಂಚಿನ ಅರಬರಲ್ಲಿ ಅದು ಹೇಗೆ ನಡೆಯುತ್ತಿತ್ತೆಂದು ಬಲ್ಲಿರಾ? ಬರಗಾಲದ ಚಳಿಯಲ್ಲಿ ಅನುಕೂಲಸ್ಥರು ಸೇರಿ ಒಂದು ಒಂಟೆಯನ್ನು ಕೊಯ್ಯುತ್ತಿದ್ದರು. ಚೀಲದಲ್ಲಿ ಹತ್ತು ಬಾಣಗಳು. ಏಳು ಬಾಣಗಳಿಗೆ ಒಂದರಿಂದ ಏಳರವರೆಗೆ ಪಾಲು, ಮೂರಕ್ಕೆ ಏನೂ ಇಲ್ಲ. ಪಾಲಿಲ್ಲದ ಬಾಣ ಬಂದವರು ಒಂಟೆಯ ಬೆಲೆ ತೆರಬೇಕು. ಗೆದ್ದವರು ಮಾಂಸವನ್ನು ಮನೆಗೆ ಒಯ್ಯುತ್ತಿರಲಿಲ್ಲ, ಬಡವರಿಗೆ ಹಂಚುತ್ತಿದ್ದರು. ಹಂಚದೆ ತಿನ್ನುವುದು ಅವಮಾನವೆಂದು ಎಣಿಸುತ್ತಿದ್ದರು.

ಗಮನಿಸಿರಿ. ಇಷ್ಟು 'ಪುಣ್ಯ'ದ ಜೂಜನ್ನೂ ಕುರ್‌ಆನ್ ಒಪ್ಪಲಿಲ್ಲ. ಅಲ್ ಬಕರಃ ಅಧ್ಯಾಯದ 219ನೇ ಸೂಕ್ತವು ಮದ್ಯ ಮತ್ತು ಜೂಜಿನಲ್ಲಿ ಜನರಿಗೆ ಕೆಲವು ಪ್ರಯೋಜನಗಳಿರುವುದನ್ನು ಮುಚ್ಚಿಡದೆ ಹೇಳಿ, ಅದಕ್ಕಿಂತ ಪಾಪವೇ ದೊಡ್ಡದೆಂದು ತಿಳಿಸುತ್ತದೆ. ನಂತರ ಅಲ್ ಮಾಇದಃ ಅಧ್ಯಾಯದ 90 ಮತ್ತು 91ನೇ ಸೂಕ್ತಗಳು ಅದನ್ನು ಸಂಪೂರ್ಣ ತೊರೆಯಲು ಆಜ್ಞಾಪಿಸಿ ಕಾರಣಗಳನ್ನೂ ಕೊಡುತ್ತವೆ. ಪರಸ್ಪರ ಹಗೆತನ ಹುಟ್ಟುತ್ತದೆ, ದೇವಸ್ಮರಣೆ ಮತ್ತು ನಮಾಝ್ ತಪ್ಪಿಹೋಗುತ್ತವೆ. ಇಲ್ಲಿ ಅದೃಷ್ಟ, ಕೌಶಲ ಎಂಬ ಮಾತೇ ಬಂದಿಲ್ಲ. ಕೆಡುಕು ಒಬ್ಬನ ನಷ್ಟವೇ ಇನ್ನೊಬ್ಬನ ಲಾಭವಾಗುವ ಏರ್ಪಾಡಿನಲ್ಲಿದೆ, ಹೃದಯವು ಅದಕ್ಕೆ ಅಂಟಿಕೊಳ್ಳುವುದರಲ್ಲಿದೆ.

ಕೌಶಲವನ್ನು ಇಸ್ಲಾಮ್ ಕೀಳಾಗಿ ಕಂಡಿಲ್ಲ. ಪ್ರವಾದಿವರ್ಯರು(ಸ) ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದ್ದರು, ಬಾಣ ಎಸೆಯುವ ಯುವಕರನ್ನು ಹುರಿದುಂಬಿಸಿದ್ದರು. ಒಂಟೆ, ಕುದುರೆ ಮತ್ತು ಬಾಣದ ಸ್ಪರ್ಧೆಗಳಿಗೆ ಬಹುಮಾನವನ್ನೂ ಅನುಮತಿಸಿದರು. ಧರ್ಮವಿದ್ವಾಂಸರು ಇದನ್ನು ವಿವರಿಸುತ್ತಾ, ಆಳುವವನೋ ಮೂರನೆಯವನೊಬ್ಬನೋ ಕೊಡುವ ಬಹುಮಾನಕ್ಕೆ ಅಡ್ಡಿಯಿಲ್ಲವೆಂದರು. ಇಬ್ಬರೂ ಪಣವಿಟ್ಟು ಸೋತವನದು ಗೆದ್ದವನ ಪಾಲಾಗುವ ರೀತಿಯನ್ನು ಬಹುಪಾಲು ವಿದ್ವಾಂಸರು ಜೂಜೆಂದು ಎಣಿಸಿದರು. ಕುದುರೆ ಓಡಿಸುವುದೂ ಕೌಶಲ, ಬಾಣ ಬಿಡುವುದೂ ಕೌಶಲ. ಆದರೂ ಪಣ ಬಂದ ಕೂಡಲೇ ವಿದ್ವಾಂಸರು ಎಚ್ಚರಗೊಂಡರು.

ಇನ್ನೊಂದು ಘಟನೆ ನೋಡಿರಿ. ರೋಮನರು ಸೋತಿದ್ದ ಕಾಲದಲ್ಲಿ, ಕೆಲವೇ ವರ್ಷಗಳಲ್ಲಿ ಅವರು ಗೆಲ್ಲುವರೆಂಬ ವಚನ ಅರ್ರೂಮ್ ಅಧ್ಯಾಯದ ಆರಂಭದಲ್ಲಿ ಅವತೀರ್ಣವಾಯಿತು. ಮಕ್ಕಾದ ವಿರೋಧಿಗಳು ನಕ್ಕಾಗ ಹಝ್ರತ್ ಅಬೂಬಕರ್(ರ) ಒಂಟೆಗಳ ಪಣ ಕಟ್ಟಿದರೆಂದು ವರದಿಗಳಿವೆ. ಅವರ ಬಳಿ ಇದ್ದದ್ದು ಊಹೆಯಲ್ಲ, ಅಲ್ಲಾಹನ ವಚನದ ಮೇಲಿನ ದೃಢವಿಶ್ವಾಸ. ಜೂಜಿನ ನಿಷೇಧವೂ ಆಗ ಬಂದಿರಲಿಲ್ಲ. ಆದರೂ ಗೆದ್ದ ಒಂಟೆಗಳನ್ನು ದಾನ ಮಾಡುವಂತೆ ಪ್ರವಾದಿವರ್ಯರು(ಸ) ಸೂಚಿಸಿದರೆಂದು ಕೆಲವು ವರದಿಗಳು ತಿಳಿಸುತ್ತವೆ. ನಿಶ್ಚಿತ ಜ್ಞಾನವುಳ್ಳವರ ಪಣವೇ ಹೀಗಿದ್ದರೆ, ಯಾರದೋ ಕಾಲು ಉಳುಕಿದ ಸುದ್ದಿ ಓದಿ ಊಹೆ ಮಾಡುವ ನಮ್ಮದು ಯಾವ ಲೆಕ್ಕ?

ಊಹೆ ಮತ್ತು ಊಹೆ

ಇಲ್ಲಿ ನನ್ನ ವಿದ್ಯಾರ್ಥಿ ಒಂದು ಒಳ್ಳೆಯ ತಕರಾರು ತೆಗೆದ. "ಸರ್, ಬೈತಖೋಲ ಬಂದರಿನ ಮೀನುಗಾರರೂ ಊಹೆಯ ಮೇಲೆಯೇ ಹೋಗುತ್ತಾರಲ್ಲ? ಗಾಳಿ ನೋಡಿ, ನೀರಿನ ಬಣ್ಣ ನೋಡಿ, ಹಿರಿಯರನ್ನು ಕೇಳಿ ದೋಣಿ ಬಿಡುತ್ತಾರೆ. ಒಮ್ಮೆ ಬಲೆ ತುಂಬುತ್ತದೆ, ಒಮ್ಮೆ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ. ಅದು ಹಲಾಲ್, ಇದು ಹರಾಮ್ ಹೇಗೆ?"

ಈ ಮಾತನ್ನು ತಳ್ಳಿಹಾಕಬಾರದು. ಬದುಕಿನಲ್ಲಿ ಊಹೆಯಿಲ್ಲದ ಕೆಲಸವಿಲ್ಲ. ಆದರೆ ಮೀನುಗಾರನ ಬಲೆಗೆ ಬಂದ ಮೀನು ಯಾರ ಕಿಸೆಯಿಂದಲೂ ಬಂದದ್ದಲ್ಲ, ಅದು ಅಲ್ಲಾಹನ ಸಮುದ್ರದಿಂದ ಬಂದದ್ದು. ಅವನು ಗಳಿಸಿದಾಗ ಊರಿಗೆ ಊಟ ಹೆಚ್ಚುತ್ತದೆ. ವ್ಯಾಪಾರದಲ್ಲೂ ಊಹೆ ಅತಿಯಾದರೆ ಶರೀಅತ್ ತಡೆಯುತ್ತದೆ. ಅಂಕೋಲೆಯ ಕರಿ ಇಶಾಡ್ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ದೊರೆಯಿತು, ನಮಗೆಲ್ಲ ಅದೊಂದು ಹೆಮ್ಮೆ. ಮಾವು ಬೆಳೆಯುವಲ್ಲಿ ಮರ ಹೂ ಬಿಟ್ಟಾಗಲೇ ಫಸಲಿನ ವ್ಯಾಪಾರ ಕುದುರಿಸುವ ರೂಢಿಯುಂಟು. ಆದರೆ ಹಣ್ಣಿನ ಒಳ್ಳೆಯತನ ಗೋಚರಿಸುವ ಮುನ್ನ ಮರದ ಫಲವನ್ನು ಮಾರುವುದನ್ನು ಪ್ರವಾದಿವರ್ಯರು(ಸ) ತಡೆದಿದ್ದಾರೆ. ಗಾಳಿಮಳೆಗೆ ಫಸಲು ಉದುರಿದರೆ ಕೊಂಡವನ ಹಣಕ್ಕೆ ಬದಲಾಗಿ ಏನು ಸಿಕ್ಕಿತು ಎಂಬುದು ಅದರ ಹಿಂದಿನ ಪ್ರಶ್ನೆ. ಮಾವಿನ ವ್ಯಾಪಾರದಲ್ಲಿ ಕೊನೆಗೆ ಹಣ್ಣಾದರೂ ಇದೆ. ಪಣದ ಆಟದಲ್ಲಿ ಹಣ್ಣೂ ಇಲ್ಲ, ಮೀನೂ ಇಲ್ಲ.

ಈಗ ಸಲಹೆಯ ವಿಷಯಕ್ಕೆ ಬರೋಣ. ಒಂದು ಸಣ್ಣ ಲೆಕ್ಕ ಮಾಡೋಣ. ನೂರು ಜನ ತಲಾ 50 ರೂಪಾಯಿ ಕಟ್ಟಿದರೆಂದುಕೊಳ್ಳಿ, ಒಟ್ಟು 5,000. ಆಡಿಸುವವನು ಅದರಲ್ಲಿ 750 ತೆಗೆದಿಟ್ಟನೆನ್ನಿ, ಉಳಿದದ್ದು 4,250. ನನ್ನ ವಿದ್ಯಾರ್ಥಿ ಅತ್ಯುತ್ತಮ ಪಟ್ಟಿಯೊಂದನ್ನು ಬರೆದು ನೂರು ಜನರಿಗೂ ಕೊಟ್ಟ. ಎಲ್ಲರೂ ಅದನ್ನೇ ಹಾಕಿದರು, ಎಲ್ಲರಿಗೂ ಸಮಾನ ಅಂಕ ಬಂತು. ಬಹುಮಾನ ಸಮನಾಗಿ ಹಂಚಿದರೆ ತಲಾ 42 ರೂಪಾಯಿ 50 ಪೈಸೆ. ನೂರು ಜನರೂ ಗೆದ್ದರು, ನೂರು ಜನರೂ ಏಳೂವರೆ ರೂಪಾಯಿ ಕಳೆದುಕೊಂಡರು!

ಇದನ್ನು ಹೇಳಿದಾಗ ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಲೆಕ್ಕ ಬಲ್ಲವನಿಗೆ ಹೆಚ್ಚು ವಿವರಣೆ ಬೇಕಿರಲಿಲ್ಲ. ನಾಳೆ ಗಾಳಿ ಜೋರಾಗುತ್ತದೆಂದು ಹಿರಿಯ ಮೀನುಗಾರ ಇಡೀ ಬಂದರಿಗೆ ಹೇಳಿದರೆ ಎಲ್ಲರೂ ಉಳಿಯುತ್ತಾರೆ. ವೈದ್ಯನ ಸಲಹೆ ಊರಿಗೆಲ್ಲ ಹರಡಿದರೂ ಅದರ ಗುಣ ಕಡಿಮೆಯಾಗುವುದಿಲ್ಲ. ಶಿಕ್ಷಕನ ಪಾಠವೂ ಹಾಗೆಯೇ. ಆದರೆ ಪಣದ ಆಟದ ಸಲಹೆಗೆ ಬೆಲೆ ಬರುವುದು ಇನ್ನೊಬ್ಬನಿಗೆ ಅದು ತಿಳಿಯದಿದ್ದಾಗ ಮಾತ್ರ. ಇನ್ನೊಬ್ಬನ ಅಜ್ಞಾನವನ್ನೇ ಅವಲಂಬಿಸಿರುವ ಜ್ಞಾನವು ಎಂಥ ಜ್ಞಾನ?

ದ್ರಾಕ್ಷಿ ಮಾರುವವನು

ಹಾಗಾದರೆ ಸಲಹೆಗಾರನ ಪಾಲು ಎಷ್ಟು? ನಮ್ಮ ಹಿರಿಯ ವಿದ್ವಾಂಸರು ಇದನ್ನು ಬೇರೊಂದು ರೂಪದಲ್ಲಿ ಚರ್ಚಿಸಿದ್ದಾರೆ. ಒಬ್ಬ ರೈತ ದ್ರಾಕ್ಷಿ ಮಾರುತ್ತಾನೆ. ಕೊಂಡವನು ಅದರಿಂದ ಮದ್ಯ ತಯಾರಿಸುತ್ತಾನೆ. ಮಾರಿದವನು ಪಾಪಿಯೇ? ತಿಳಿಯದೆ ಮಾರಿದವನ ಮೇಲೆ ದೋಷವಿಲ್ಲ. ಆದರೆ ಕೊಳ್ಳುವವನು ಮದ್ಯ ಮಾಡುವನೆಂದು ಗೊತ್ತಿದ್ದರೆ? ಶಾಫಿಈ ವಿದ್ವಾಂಸರು ಅದನ್ನು ಹರಾಮ್ ಎಂದರು, ಬರೀ ಸಂಶಯವಿದ್ದರೆ ಅಪ್ರಿಯವೆಂದರು. ಹಣ್ಣಿನ ರಸದ ವಿಷಯದಲ್ಲಿ ಇಮಾಮ್ ಅಬೂಹನೀಫಾ(ರ), ಪಾಪವು ಅನಂತರದ ಕೃತ್ಯದಲ್ಲಿದೆಯೇ ಹೊರತು ರಸದಲ್ಲಿಲ್ಲವೆಂದು ಮಾರಾಟಕ್ಕೆ ಅವಕಾಶ ಕೊಟ್ಟರು. ಅವರ ಇಬ್ಬರು ಪ್ರಮುಖ ಶಿಷ್ಯರಾದ ಇಮಾಮ್ ಅಬೂ ಯೂಸುಫ್(ರ) ಮತ್ತು ಇಮಾಮ್ ಮುಹಮ್ಮದ್(ರ) ಅದನ್ನು ಅಪ್ರಿಯವೆಂದರು. ನಮ್ಮ ಕರಾವಳಿಯಲ್ಲಿ ಶಾಫಿಈಗಳೂ ಇದ್ದಾರೆ, ಹನಫಿಗಳೂ ಇದ್ದಾರೆ. ಅಭಿಪ್ರಾಯಗಳು ಬೇರೆಯಾದರೂ ಪ್ರಶ್ನೆ ಒಂದೇ ಕಡೆಗೆ ಬರುತ್ತದೆ: ನಿನಗೆ ಗೊತ್ತಿತ್ತೇ?

ಮದುವೆಯ ರಾತ್ರಿಯವರೆಗೆ ನನ್ನ ವಿದ್ಯಾರ್ಥಿಗೆ ಗೊತ್ತಿರಲಿಲ್ಲ. ಆ ನಂತರ ಗೊತ್ತಾಯಿತು. ಹಾಗಾದರೆ ಹಿಂದಿನ ಪಟ್ಟಿಗಳ ಲೆಕ್ಕ ಬೇರೆ, ಇನ್ನು ಮುಂದೆ ಬರೆಯುವ ಪಟ್ಟಿಯ ಲೆಕ್ಕ ಬೇರೆ. ಇನ್ನೊಂದು ನಿಯಮವೂ ಫಿಕ್ಹ್‌ನಲ್ಲಿದೆ. ನೇರವಾಗಿ ಕೃತ್ಯ ಎಸಗಿದವನೂ ಅದಕ್ಕೆ ಕಾರಣನಾದವನೂ ಇಬ್ಬರೂ ಇದ್ದರೆ ನಷ್ಟದ ಹೊಣೆ ನೇರವಾಗಿ ಎಸಗಿದವನ ಮೇಲೆ. ಆದ್ದರಿಂದ ಬಳೆಯ ಬೆಲೆ ತೆರಬೇಕೆಂದು ಯಾವ ಕಾಝಿಯೂ ಇವನಿಗೆ ಹೇಳಲಾರ. ಆದರೆ ಕಾಝಿಯ ತೀರ್ಪು ನಿಲ್ಲುವಲ್ಲಿ ಅಲ್ಲಾಹನ ವಿಚಾರಣೆ ನಿಲ್ಲುವುದಿಲ್ಲ. ಒಳಿತಿಗೋ ಕೆಡುಕಿಗೋ ಶಿಫಾರಸು ಮಾಡಿದವನಿಗೆ ಅದರಲ್ಲಿ ಪಾಲಿರುವುದನ್ನು ಅನ್ನಿಸಾ ಅಧ್ಯಾಯದ 85ನೇ ಸೂಕ್ತ ತಿಳಿಸುತ್ತದೆ. ಸಲಹೆ ಕೇಳಲ್ಪಟ್ಟವನು ಅಮಾನತು ಹೊತ್ತವನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಗೆಳೆಯನನ್ನು ಜೂಜಿಗೆ ಬಾಯಿಮಾತಿನಲ್ಲಿ ಕರೆದವನಿಗೂ ಪರಿಹಾರವಾಗಿ ದಾನ ಮಾಡಲು ಅವರು ಆದೇಶಿಸಿದ್ದಾರೆ. ಕರೆದದ್ದಷ್ಟೇ, ಆಡಿಲ್ಲ. ಆದರೂ ಆ ಮಾತಿಗೊಂದು ಭಾರವಿದೆ.

"ನಾನು ಹೇಳದಿದ್ದರೆ ಇನ್ನೊಬ್ಬ ಹೇಳುತ್ತಾನಲ್ಲ ಸರ್?" ಎಂದು ಅವನು ಕೇಳಿದ. ಹೇಳಲಿ. ಆಗ ಆ ಪಾಲು ಆ ಇನ್ನೊಬ್ಬನದು. ನಾಳೆ ನಮ್ಮ ಕರ್ಮಪತ್ರ ತೆರೆದಾಗ ಅದರಲ್ಲಿ ಇನ್ನೊಬ್ಬನ ಹೆಸರಿರುವುದಿಲ್ಲ.

ನನ್ನದೊಂದು ತಪ್ಪು

ಅವನಿಗೆ ಹೇಳಿದ ನನ್ನ ಕಥೆಯನ್ನು ನಿಮಗೂ ಹೇಳಿಬಿಡುತ್ತೇನೆ. ಮದ್ರಸಾ ಶಿಕ್ಷಣ ಮುಗಿಸಿ ಬಿ.ಎ. ಓದುತ್ತಿದ್ದ ದಿನಗಳು. ಚಹಾದಂಗಡಿಯಲ್ಲಿ ಒಬ್ಬ ಹಿರಿಯ ಕೂಲಿಕಾರರು ತಮ್ಮ ಕನಸೊಂದನ್ನು ಹೇಳಿ ಅರ್ಥ ಕೇಳಿದರು. ನಮ್ಮ ಜಿಲ್ಲೆಯಲ್ಲಿ ಓಸಿ ಆಡುವವರು ಕನಸಿನಲ್ಲಿ ನಂಬರ್ ಹುಡುಕುತ್ತಾರೆಂದು ನನಗೆ ಗೊತ್ತಿತ್ತು. ಜನರೆದುರು ಜಾಣತನ ತೋರಿಸುವ ಚಪಲ. ನಗುತ್ತಾ, "ನಿಮ್ಮ ಕನಸಿನಲ್ಲಿ ಏಳು ಇದೆ ಚಾಚಾ" ಎಂದೆ. ಎಲ್ಲರೂ ನಕ್ಕರು. ಮರುದಿನ ಅವರು ನನ್ನನ್ನು ಹುಡುಕಿಕೊಂಡು ಬಂದು ಕೈಹಿಡಿದರು. ಏಳು ಬಂದಿತ್ತು, ಅವರು ಗೆದ್ದಿದ್ದರು.

ಅಂದು ಅವರು ಸೋತಿದ್ದರೆ ಎಷ್ಟು ಒಳ್ಳೆಯದಿತ್ತು! ಗೆದ್ದದ್ದರಿಂದ ನನ್ನ ಮಾತಿನಲ್ಲಿ ಅವರಿಗೆ ನಂಬಿಕೆ ಹುಟ್ಟಿತು. ಮತ್ತೆ ಮತ್ತೆ ಬಂದರು. ನಾನು ಹೇಳುವುದಿಲ್ಲವೆಂದರೆ, ಮೌಲವಿ ಸಾಹೇಬರು ಮುನಿಸಿಕೊಂಡಿದ್ದಾರೆಂದು ನನ್ನ ಬೇರೆ ಮಾತುಗಳಲ್ಲೇ ನಂಬರ್ ಹುಡುಕತೊಡಗಿದರು. ಕೂಲಿಯ ಹಣ ಹೋಯಿತು, ಮನೆಯಲ್ಲಿ ಜಗಳವಾಯಿತು. ನಾನು ಒಂದು ಪೈಸೆಯನ್ನೂ ಮುಟ್ಟಿರಲಿಲ್ಲ. ಆದರೂ ಆ ಏಳು ಇಂದಿಗೂ ನನ್ನ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತದೆ. ಸುಳ್ಳಾದ ಸಲಹೆಯನ್ನು ಜನ ಮರೆಯುತ್ತಾರೆ. ಒಮ್ಮೆ ನಿಜವಾದ ಸಲಹೆಯ ಹಿಂದೆ ಬಹಳ ದೂರ ಹೋಗುತ್ತಾರೆ.

ಹಣವಿಲ್ಲದೆ ಆಡಿದರೆ?

ಇನ್ನೊಂದು ಪ್ರಶ್ನೆ ಉಳಿಯಿತು. ಪಣವೇ ಇಲ್ಲದೆ ಗೆಳೆಯರು ಬರೀ ಅಂಕಕ್ಕಾಗಿ ತಂಡ ಕಟ್ಟಿ ಆಡಿದರೆ? ಅದನ್ನು ಜೂಜೆಂದು ಕರೆಯುವ ಧೈರ್ಯ ನನಗಿಲ್ಲ. ಅಲ್ಲಾಹನು ಮುಚ್ಚದ ಬಾಗಿಲನ್ನು ನಾನೇಕೆ ಮುಚ್ಚಲಿ? ಹೊಸ ಕಾನೂನು ಕೂಡ ಹಣವಿಲ್ಲದ ಆಟವನ್ನು ತಡೆದಿಲ್ಲ. ಆದರೆ ಮೂರು ವಿಷಯಗಳನ್ನು ನಿಮ್ಮ ಮಕ್ಕಳಲ್ಲಿ ಗಮನಿಸಿರಿ. ಮೊದಲನೆಯದು ನಮಾಝ್. ಪಂದ್ಯಕ್ಕಾಗಿ ಎದ್ದವನು ಫಜರ್ ಬಿಟ್ಟರೆ ಆ ಆಟ ಅವನಿಗೆ ಒಳ್ಳೆಯದಲ್ಲ. ಎರಡನೆಯದು ಸಮಯ. ದಿನಕ್ಕೆ ಎಷ್ಟು ಗಂಟೆ ಎಂದು ಅವನೇ ಬರೆದಿಡಲಿ, ಬರೆದ ಅಂಕಿಯೇ ಅವನಿಗೆ ಬುದ್ಧಿ ಹೇಳುತ್ತದೆ. ಮೂರನೆಯದು ಹೃದಯ. ಇದು ಸೂಕ್ಷ್ಮ. ಪಟ್ಟಿ ಬರೆಯುವವನಿಗೆ ಒಬ್ಬ ಆಟಗಾರನ ಮೊಣಕಾಲು ಮುರಿದದ್ದು 'ಅವಕಾಶ'ವಾಗಿ ಕಾಣುತ್ತದೆ. ನನ್ನ ವಿದ್ಯಾರ್ಥಿ ತಾನೇ ಹೇಳಿದ: "ಒಬ್ಬನಿಗೆ ಗಾಯವಾದ ಸುದ್ದಿ ಬಂದಾಗ ಖುಷಿಪಟ್ಟಿದ್ದೇನೆ ಸರ್. ಅವನ ಬದಲಿಗೆ ಬರುವವನನ್ನು ಎಲ್ಲರಿಗಿಂತ ಮೊದಲು ನಾನೇ ಗುರುತಿಸಿದ್ದೆ." ಇನ್ನೊಬ್ಬರ ನೋವಿನಲ್ಲಿ ಸಂತೋಷ ಹುಟ್ಟುವುದನ್ನು ಅಭ್ಯಾಸ ಮಾಡಿಸುವ ಯಾವ ಆಟವೂ ಪೂರ್ಣ ನಿರುಪದ್ರವಿಯಲ್ಲ.

ತಂದೆತಾಯಂದಿರಿಗೆ

ನಿಮ್ಮ ಮಗ ಸೋತಿದ್ದರೆ ಅದನ್ನು ಮೊದಲು ನಿಮಗೆ ಹೇಳುವಂತಿರಬೇಕು. ಹೊಡೆತ ಮತ್ತು ಶಾಪಕ್ಕೆ ಹೆದರಿದ ಮಗ ಸಾಲಗಾರನ ಬಳಿ ಹೋಗುತ್ತಾನೆ, ಸಾಲ ತೀರಿಸಲು ಮತ್ತೆ ಪಣದ ಬಳಿ ಹೋಗುತ್ತಾನೆ. ಹಣ ಪದೇ ಪದೇ ಕಡಿಮೆ ಬೀಳುವುದು, ರಾತ್ರಿಯೆಲ್ಲ ಫೋನ್ ಹಿಡಿದಿರುವುದು, ಕಾರಣವಿಲ್ಲದ ಸಿಟ್ಟು, ಮನೆಯ ಚಿನ್ನ ಕಾಣದಿರುವುದು ಇವು ಗುರುತುಗಳು. ಕಂಡಾಗ ಬಾಗಿಲು ಮುಚ್ಚಿ ಮೆಲ್ಲಗೆ ಕೇಳಿರಿ. ಸಾಲವೆಷ್ಟೆಂದು ಬರೆದು ಕೂಡಿಸಿರಿ. ಫೋನಿನಿಂದ ಹಣ ಹೋಗುವ ದಾರಿಯನ್ನು ಕೆಲವು ತಿಂಗಳು ನಿಮ್ಮ ಕೈಯಲ್ಲಿಟ್ಟುಕೊಳ್ಳಿರಿ. ಹೊಸ ಕಾನೂನು ಸೋತವನನ್ನು ಅಪರಾಧಿಯೆಂದು ಕಾಣಲಿಲ್ಲ. ತಾಯಿತಂದೆ ಕಾನೂನಿಗಿಂತ ಕಠೋರರಾಗಬಾರದು.

ಕೊನೆಗೆ ಆ ಹುಡುಗ ಏನು ಮಾಡಿದನೆಂದು ನೀವು ಕೇಳುವಿರಿ. ರಮಝಾನ್ ಆರಂಭವಾಗುವ ಮುನ್ನ ಅವನು ತನ್ನ ಗೆಳೆಯರಿಗೆ ಕೊನೆಯದೊಂದು ಪತ್ರ ಬರೆದ. ಪಟ್ಟಿ ನಿಲ್ಲಿಸುತ್ತಿದ್ದೇನೆ, ಇದರ ಮೇಲೆ ಹಣ ಕಟ್ಟಿದವರಿದ್ದರೆ ನನ್ನನ್ನು ಕ್ಷಮಿಸಿ, ದಯವಿಟ್ಟು ನೀವೂ ನಿಲ್ಲಿಸಿ ಎಂದು ಕಾರಣ ಸಹಿತ ತಿಳಿಸಿದ. ಕೆಲವರು ಗೇಲಿ ಮಾಡಿದರು. ಇಬ್ಬರು ಮಾತ್ರ ರಾತ್ರಿ ಫೋನ್ ಮಾಡಿ ತಮ್ಮ ಸಾಲದ ವಿಷಯ ಹೇಳಿಕೊಂಡು ಅತ್ತರಂತೆ. ಅಲ್ಲಿಯವರೆಗೆ ಅವರೂ ಆಡುತ್ತಿದ್ದರೆಂದು ಅವನಿಗೆ ತಿಳಿದಿರಲಿಲ್ಲ.

ನಂತರ ನಾವಿಬ್ಬರೂ ಅಂಕೋಲೆಯ ಆ ಮನೆಗೆ ಹೋದೆವು. ಟೆಂಪೋ ಓಡಿಸುವ ಯುವಕ ನಮ್ಮೆದುರಿಗೇ ತಾಯಿಗೆ ಸತ್ಯ ಹೇಳಿದ. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ನನ್ನ ವಿದ್ಯಾರ್ಥಿಯ ಕಡೆ ತಿರುಗಿ, "ನೀನು ಯಾಕಪ್ಪಾ ಬಂದೆ? ಕಳೆದವನು ಇವನಲ್ಲವೇ?" ಎಂದಳು.

"ನನ್ನ ಪಾಲೂ ಇದೆ ಖಾಲಾ" ಎಂದ ಅವನು.

ಬಳೆ ಬಿಡಿಸಲು ತಿಂಗಳಿಗಿಷ್ಟು ಎಂದು ಅವನು ತಾನಾಗಿಯೇ ಒಪ್ಪಿಕೊಂಡ. ನಾನು ಹೇಳಿರಲಿಲ್ಲ, ಶರೀಅತ್ತಿನ ನಿಯಮವೂ ಅವನನ್ನು ಬಲವಂತಪಡಿಸಿರಲಿಲ್ಲ. ಮರಳಿ ಬರುವಾಗ ದಾರಿಯಲ್ಲಿ ಅವನು ನನ್ನನ್ನು ಮತ್ತೇನೂ ಕೇಳಲಿಲ್ಲ. ನನ್ನ ಉತ್ತರಕ್ಕಿಂತ ಮೊದಲೇ ಅವನು ತನ್ನ ಉತ್ತರವನ್ನು ಕಂಡುಕೊಂಡಿದ್ದ.

ನಾವು ದಿನನಿತ್ಯ ಎಷ್ಟೋ ಜನರಿಗೆ ಎಷ್ಟೋ ಸಲಹೆಗಳನ್ನು ಕೊಡುತ್ತೇವೆ. ಯಾವ ವ್ಯಾಪಾರ ಮಾಡಬೇಕು, ಯಾವ ಸಂಬಂಧ ಬೆಳೆಸಬೇಕು, ಯಾರನ್ನು ನಂಬಬೇಕು ಎಂದು ಹೇಳಿ ಮರೆತುಬಿಡುತ್ತೇವೆ. ಕೇಳಿದವರು ಮರೆಯುವುದಿಲ್ಲ, ಬರೆದಿಡುವವರೂ ಮರೆಯುವುದಿಲ್ಲ. ನಮ್ಮ ನಾಲಗೆಯಿಂದ ಹೊರಟ ಮಾತು ಯಾರ ಮನೆಯಲ್ಲಿ ಹೋಗಿ ಕುಳಿತಿದೆಯೆಂದು ಒಮ್ಮೆ ವಿಚಾರಿಸೋಣ. ಒಳಿತಿನಲ್ಲಿ ಪಾಲು ಪಡೆಯುವ ಭಾಗ್ಯವನ್ನೂ, ಕೆಡುಕಿನಲ್ಲಿ ಪಾಲಿದ್ದರೆ ಅದನ್ನು ಒಪ್ಪಿ ಸರಿಪಡಿಸುವ ಧೈರ್ಯವನ್ನೂ ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.